ಮೌಸ್ ನಿಮ್ಮ ಕೈಯಲ್ಲೇ ಇರಲಿ

ಪ್ರಶ್ನೆ: ನನಗೆ 53 ವರ್ಷ. ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ, ಅಂದರೆ ಪಿಕೆಪಿಎಸ್‌ನಲ್ಲಿ 27 ವರ್ಷಗಳಿಂದ ಲೆಕ್ಕದ ಗುಮಾಸ್ತನಾಗಿದ್ದೇನೆ. ಕಿರ್ದಿ (ದಿನದ ಲೆಕ್ಕದ ಪುಸ್ತಕ), ಖತಾವಣಿ (ಖಾತೆವಾರು ಲೆಕ್ಕದ ಪುಸ್ತಕ) ಎಲ್ಲವೂ ನನ್ನ ಕೈಬರಹದಲ್ಲೇ ಇವೆ. ಕಳೆದ ವರ್ಷ ಸಂಘಕ್ಕೆ ಹೊಸ ಸಾಫ್ಟ್‌ವೇರ್ ಬಂತು. ಎರಡು ದಿನದ ತರಬೇತಿಗೆ ಹೋಗಿ ಬಂದೆ, ಏನೂ ತಲೆಗೆ ಹತ್ತಲಿಲ್ಲ. ಕಂಪ್ಯೂಟರ್ ಕೆಲಸಕ್ಕೆಂದು ತೆಗೆದುಕೊಂಡಿರುವ 24 ವರ್ಷದ ಹುಡುಗ ಒಳ್ಳೆಯವನು. ನಾನು ತಡವರಿಸಿದ ಕೂಡಲೇ ‘ಕಾಕಾ, ನೀವು ಬಿಡಿ, ನಾನು ಮಾಡುತ್ತೇನೆ’ ಎಂದು ಮೌಸ್ ತೆಗೆದುಕೊಳ್ಳುತ್ತಾನೆ. ನನ್ನ ಪಾಸ್‌ವರ್ಡನ್ನೂ ಚೀಟಿಯಲ್ಲಿ ಬರೆದು ಅವನಿಗೇ ಕೊಟ್ಟಿದ್ದೇನೆ. ಯಂತ್ರ ಕೈಕೊಟ್ಟರೆ ಏನು ಗತಿ ಎಂದು ಸಂಜೆ ಕುಳಿತು ಹಳೆಯ ಕಿರ್ದಿಯನ್ನೂ ಬರೆಯುತ್ತೇನೆ. ಮನೆ ಮುಟ್ಟುವಾಗ ರಾತ್ರಿ ಎಂಟು. ಗೊಬ್ಬರ ಮಾರುವ ಹೆಬ್ಬೆಟ್ಟಿನ ಯಂತ್ರವನ್ನು ಮಾತ್ರ ನಾನೇ ನಡೆಸುತ್ತೇನೆ, ಅದೇನು ದೊಡ್ಡ ವಿದ್ಯೆಯಲ್ಲ. ಮೊನ್ನೆ ಒಬ್ಬ ಮಲ್ಲಪ್ಪನ ಸಾಲದ ಕಂತು ಇನ್ನೊಬ್ಬ ಮಲ್ಲಪ್ಪನ ಖಾತೆಗೆ ಜಮಾ ಆಗಿತ್ತು. ಪ್ರಿಂಟ್ ನೋಡಿದೊಡನೆ ಗೊತ್ತಾಯಿತು, ಆದರೆ ಸರಿಪಡಿಸುವುದು ನನಗೆ ಬರಲಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ. ಸೋಮವಾರ ಕಚೇರಿಯ ಮೆಟ್ಟಿಲು ಹತ್ತುವಾಗ ಎದೆ ಹಿಂಡಿದಂತಾಗುತ್ತದೆ. ನನ್ನ ಬುದ್ಧಿ ಮಂಕಾಯಿತೇ? ಮಗಳ ಮದುವೆ ಬಾಕಿ ಇದೆ. ಆದರೂ ರಾಜೀನಾಮೆ ಕೊಟ್ಟು ಹೊಲ ನೋಡಿಕೊಂಡು ಇದ್ದುಬಿಡೋಣ ಎನಿಸುತ್ತಿದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದುವಾಗ ಎರಡು ಸಾಲುಗಳ ಮುಂದೆ ನಾನು ತಡೆದು ನಿಂತೆ. ಎರಡನ್ನೂ ನೀವು ಮಹತ್ವವಿಲ್ಲದ ಸಂಗತಿಗಳಂತೆ ಬರೆದು ದಾಟಿಬಿಟ್ಟಿದ್ದೀರಿ. ಗೊಬ್ಬರದ ಯಂತ್ರವನ್ನು ನೀವೇ ನಡೆಸುತ್ತೀರಿ ಎಂಬುದು ಒಂದು. ತಪ್ಪು ಮಲ್ಲಪ್ಪನನ್ನು ಪ್ರಿಂಟ್ ನೋಡಿದೊಡನೆ ಹಿಡಿದಿರಿ ಎಂಬುದು ಇನ್ನೊಂದು. ಬುದ್ಧಿ ಮಂಕಾಯಿತೇ ಎಂಬ ಪ್ರಶ್ನೆಗೆ ಉತ್ತರ ಆ ಎರಡು ಸಾಲುಗಳಲ್ಲೇ ಇದೆ. ಅಲ್ಲಿಗೆ ಬರುವ ಮೊದಲು ಎರಡು ತುರ್ತಿನ ಮಾತುಗಳನ್ನು ಹೇಳಬೇಕು.

ಮೊದಲನೆಯದು ನಿಮ್ಮ ಎದೆ. ಸೋಮವಾರದ ದಿನವೇ ಹಿಂಡುತ್ತದೆ ಎಂದರೆ ಅದು ಆತಂಕದಿಂದ ಇರಬಹುದು. ಆದರೆ ‘ಮೆಟ್ಟಿಲು ಹತ್ತುವಾಗ’ ಎಂದು ಬರೆದಿದ್ದೀರಿ. 53ರ ವಯಸ್ಸಿನಲ್ಲಿ ಮೆಟ್ಟಿಲು ಹತ್ತುವಾಗ ಎದೆ ಹಿಂಡಿದರೆ ಅದನ್ನು ಮನಸ್ಸಿನ ಖಾತೆಗೆ ಹಾಕುವ ಮೊದಲು ಹೃದಯವನ್ನು ಪರೀಕ್ಷಿಸಲೇಬೇಕು. ಈ ವಾರವೇ ವೈದ್ಯರ ಬಳಿ ಹೋಗಿ. ಇಸಿಜಿ, ರಕ್ತದೊತ್ತಡ, ಸಕ್ಕರೆ ನೋಡಿಸಿ. ಕುಳಿತಾಗ ಏನೂ ಇಲ್ಲ, ಮೆಟ್ಟಿಲು ಹತ್ತುವಾಗ ಹೀಗಾಗುತ್ತದೆ ಎಂಬುದನ್ನು ಮರೆಯದೆ ಹೇಳಿ, ಏಕೆಂದರೆ ವಿಶ್ರಾಂತಿಯಲ್ಲಿ ತೆಗೆದ ಇಸಿಜಿ ಕೆಲವೊಮ್ಮೆ ಸರಿಯಾಗಿಯೇ ಬರುತ್ತದೆ. ನೋವು ಹೆಚ್ಚಾಗಿ ತೋಳಿಗೋ ದವಡೆಗೋ ಹರಡಿದರೆ, ಬೆವರು ಬಂದರೆ, ಮರುದಿನದ ತನಕ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಎರಡನೆಯದು ಆ ಚೀಟಿ. ಇದನ್ನು ಓದಿದಾಗ ನನಗೆ ನಿಜವಾಗಿಯೂ ಗಾಬರಿಯಾಯಿತು. ಇಂಥ ಸಾಫ್ಟ್‌ವೇರ್‌ನಲ್ಲಿ ಪ್ರತಿಯೊಂದು ನಮೂದಿನ ಬೆನ್ನಿಗೂ ಯಾರ ಲಾಗಿನ್, ಯಾವ ದಿನ, ಎಷ್ಟು ಹೊತ್ತಿಗೆ ಎಂಬುದು ಅಂಟಿಕೊಂಡಿರುತ್ತದೆ. ಕಿರ್ದಿಯಲ್ಲಿ ನಿಮ್ಮ ಸಹಿ ಹೇಗೋ ಇಲ್ಲಿ ನಿಮ್ಮ ಲಾಗಿನ್ ಹಾಗೆ. ಸಹಿ ಮಾಡಿದ ಖಾಲಿ ಚೆಕ್ ಪುಸ್ತಕವನ್ನು ಯಾರಿಗಾದರೂ ಕೊಟ್ಟು ಮನೆಗೆ ಹೋಗುತ್ತಿದ್ದಿರಾ? 27 ವರ್ಷ ಶಿಲ್ಕಿನಲ್ಲಿ, ಅಂದರೆ ದಿನದ ಕೊನೆಗೆ ಉಳಿದ ನಗದಿನಲ್ಲಿ, ಒಂದು ರೂಪಾಯಿ ಆಚೀಚೆಯಾದರೂ ರಾತ್ರಿ ಕುಳಿತು ಹುಡುಕಿದ ಮನುಷ್ಯ ನೀವು. ಈಗ ಒಂದು ವರ್ಷದಿಂದ ನಿಮ್ಮ ಹೆಸರಿನಲ್ಲಿ ಏನೇನು ದಾಖಲಾಗಿದೆ ಎಂಬುದು ನಿಮಗೇ ಗೊತ್ತಿಲ್ಲ. ನನಗನ್ನಿಸುವ ಮಟ್ಟಿಗೆ ಬೆಳಗಿನ ಜಾವ ಮೂರಕ್ಕೆ ನಿಮ್ಮನ್ನು ಎಬ್ಬಿಸುತ್ತಿರುವುದು ಕಂಪ್ಯೂಟರ್ ಬಾರದೆಂಬ ಕೊರಗಿಗಿಂತ ಹೆಚ್ಚಾಗಿ ಇದೇ. ಲೆಕ್ಕ ಬಲ್ಲವನ ಒಳಮನಸ್ಸು ಇಂಥದ್ದನ್ನು ಸುಮ್ಮನೆ ಬಿಡುವುದಿಲ್ಲ.

ಹುಡುಗನ ಮೇಲೆ ಸಂಶಯಪಡಿ ಎಂದು ನಾನು ಹೇಳುತ್ತಿಲ್ಲ. ಆ ಚೀಟಿ ಅವನಿಗೂ ಅಪಾಯವೇ. ನಾಳೆ ಲೆಕ್ಕಪರಿಶೋಧನೆಯಲ್ಲಿ ಒಂದು ಕಂತು ಕಾಣೆಯಾದರೆ, ಲಾಗಿನ್ ನಿಮ್ಮದು, ಕೈ ಅವನದು. ಇಬ್ಬರಲ್ಲಿ ಯಾರೂ ತಮ್ಮ ನಿರ್ದೋಷವನ್ನು ತೋರಿಸಲಾರಿರಿ. ಒಬ್ಬರು ನಮೂದಿಸಬೇಕು, ಇನ್ನೊಬ್ಬರು ನೋಡಿ ಅನುಮೋದಿಸಬೇಕು ಎಂಬ ಕಟ್ಟಳೆ ಇರುವುದು ತಪ್ಪು ಹಿಡಿಯುವುದಕ್ಕೆ. ಎರಡೂ ಬೀಗದ ಕೈ ಒಬ್ಬನ ಜೇಬಿನಲ್ಲಿದ್ದರೆ ಬೇಲಿಯೇ ಇಲ್ಲದಂತಾಯಿತು. ಆದ್ದರಿಂದ ನಾಳೆಯೇ ಪಾಸ್‌ವರ್ಡ್ ಬದಲಿಸಿ. ಬದಲಿಸುವುದು ಹೇಗೆಂದು ಅವನನ್ನೇ ಕೇಳಿ, ಅಕ್ಷರಗಳನ್ನು ಒತ್ತುವಾಗ ಮಾತ್ರ ನೀವೊಬ್ಬರೇ ಇರಿ. ಅವನಿಗೆ ಪ್ರತ್ಯೇಕ ಲಾಗಿನ್ ಇಲ್ಲದಿದ್ದರೆ ಮಾಡಿಸಿಕೊಡುವಂತೆ ಸೆಕ್ರೆಟರಿಯವರಿಗೆ ಬರಹದಲ್ಲಿ ಕೊಡಿ. ಅವನಿಗೆ ಹೇಳುವ ಮಾತು ಕಷ್ಟದ್ದೇನಲ್ಲ: ‘ತಮ್ಮಾ, ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ನಿನ್ನ ಮೇಲೆ ಮಾತು ಬರಬಾರದು. ನನ್ನ ಲೆಕ್ಕ ನನ್ನ ಕೈಯಲ್ಲಿರಲಿ.’

ಈಗ ಮಲ್ಲಪ್ಪನ ಕಡೆಗೆ ಬರುತ್ತೇನೆ. ಆ ದಿನ ಕಂಪ್ಯೂಟರ್ ಏನೂ ತಪ್ಪು ಕಂಡಿರಲಿಲ್ಲ. ಹಣ ಬಂದಿದೆ, ಜಮಾ ಆಗಿದೆ, ಎರಡೂ ಬದಿ ತಾಳೆಯಾಗಿದೆ, ಶಿಲ್ಕು ಸರಿಯಾಗಿದೆ. ಅದರ ಮಟ್ಟಿಗೆ ದಿನ ಮುಗಿಯಿತು. ಈ ಮಲ್ಲಪ್ಪ ಹೋದ ವಾರವಷ್ಟೇ ಕಬ್ಬಿನ ಬಿಲ್ಲಿಗೆ ಕಾಯುತ್ತಿದ್ದ, ಇಷ್ಟು ಬೇಗ ಕಂತು ಕಟ್ಟುವ ಮನುಷ್ಯನಲ್ಲ ಎಂಬುದು ನಿಮಗೆ ಗೊತ್ತು. ನಮ್ಮ ಭಾಗದಲ್ಲಿ ಒಂದೇ ಊರಿನಲ್ಲಿ ನಾಲ್ಕು ಮಲ್ಲಪ್ಪ, ಆರು ಬಸಪ್ಪ ಇರುತ್ತಾರೆ. ಆಧಾರ್‌ನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು, ಸಂಘದ ಖತಾವಣಿಯಲ್ಲಿ ಅಜ್ಜನ ಕಾಲದ ಮನೆತನದ ಹೆಸರು. ಯಾರು ತೀರಿಹೋದರು, ಯಾರ ಷೇರು ಯಾವ ಮಗನಿಗೆ ಬಂತು, ಅಣ್ಣತಮ್ಮಂದಿರಲ್ಲಿ ಯಾರು ಬೇರೆಯಾದರು ಎಂಬುದೆಲ್ಲ ನಿಮ್ಮ ತಲೆಯಲ್ಲಿದೆ. ಹಳೆಯ ಪುಸ್ತಕದ ಲೆಕ್ಕವನ್ನು ಹೊಸ ಯಂತ್ರಕ್ಕೆ ಏರಿಸುವಾಗ ಎಲ್ಲೆಡೆ ಎಡವುವುದು ಇಲ್ಲೇ, ಕೂಡು ಕಳೆಯುವುದರಲ್ಲಿ ಅಲ್ಲ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದಾಗ ಅದರ ಅಡಿಗಲ್ಲು ಊರಿನವರಿಗೆ ಪರಸ್ಪರರ ಪರಿಚಯವಿದ್ದದ್ದೇ. ಆ ಪರಿಚಯ ನಿಮ್ಮ ಸಂಘದಲ್ಲಿ ಇಂದು ಯಾರ ಬಳಿ ಇದೆ ಎಂದು ಯೋಚಿಸಿ. ನೀವು ರಾಜೀನಾಮೆ ಕೊಟ್ಟು ಹೊಲಕ್ಕೆ ಹೋದರೆ ಮುಂದಿನ ಮಲ್ಲಪ್ಪನನ್ನು ಹಿಡಿಯುವವರು ಯಾರು?

ಇನ್ನು ಗೊಬ್ಬರದ ಯಂತ್ರ. ಅದು ‘ದೊಡ್ಡ ವಿದ್ಯೆಯಲ್ಲ’ ಎನ್ನುತ್ತೀರಿ. 2018ರ ಹೊತ್ತಿಗೆ ಸಬ್ಸಿಡಿ ಗೊಬ್ಬರದ ಮಾರಾಟ ದೇಶದಾದ್ಯಂತ ಆ ಯಂತ್ರದ ಮೂಲಕವೇ ಆಗಬೇಕೆಂದಾಯಿತು. ರೈತನ ಆಧಾರ್ ಸಂಖ್ಯೆ ಒತ್ತಬೇಕು, ಬೆರಳು ಇಡಿಸಬೇಕು, ಸವೆದ ಬೆರಳಿನ ಗುರುತು ಸಿಗದಿದ್ದರೆ ಇನ್ನೊಂದು ಬೆರಳು ನೋಡಬೇಕು, ನೆಟ್‌ವರ್ಕ್ ಹೋದರೆ ಕಾಯಬೇಕು, ಹೊರಗೆ ಮಳೆಗೆ ಮೊದಲು ಚೀಲ ಒಯ್ಯಬೇಕೆಂಬ ಅವಸರದಲ್ಲಿ ಜನ ಕೂಗುತ್ತಿರುತ್ತಾರೆ. ಅದನ್ನು ನೀವು ಕಲಿತಿರಿ. ಹೇಗೆ ಕಲಿತಿರಿ? ಆಗ ನಿಮ್ಮ ಪಕ್ಕದಲ್ಲಿ ‘ಕಾಕಾ, ನೀವು ಬಿಡಿ’ ಎನ್ನುವವರು ಯಾರೂ ಇರಲಿಲ್ಲ. ಇಷ್ಟೇ ವ್ಯತ್ಯಾಸ. ಸಂಘದ ಸಾಫ್ಟ್‌ವೇರನ್ನು ನೀವು ಕಲಿಯಲಾಗದೆ ಬಿಟ್ಟದ್ದಲ್ಲ, ಇದುವರೆಗೆ ಅದನ್ನು ಕಲಿಯಲು ಕುಳಿತೇ ಇಲ್ಲ. ಪ್ರತಿ ಸಲವೂ ಕಲಿಕೆ ಆರಂಭವಾಗುವ ಗಳಿಗೆಯಲ್ಲಿ, ಅಂದರೆ ತಡವರಿಸುವ ಗಳಿಗೆಯಲ್ಲಿ, ಮೌಸ್ ನಿಮ್ಮ ಕೈಬಿಟ್ಟು ಹೋಗಿದೆ. ಅದು ಅವನ ಒಳ್ಳೆಯತನ, ನಿಮ್ಮ ಸಂಕೋಚ. ಎರಡೂ ಸೇರಿ ಒಂದು ವರ್ಷ ಕಳೆಯಿತು.

ತಡವರಿಕೆಗೂ ಒಂದು ಕಾರಣವಿದೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾಂಕ್ 1965ರಲ್ಲಿ ಒಂದು ಸಂಗತಿಯನ್ನು ವಿವರಿಸಿದ: ನೋಡುವವರು ಎದುರಿಗಿದ್ದಾಗ ಚೆನ್ನಾಗಿ ರೂಢಿಯಾದ ಕೆಲಸ ಇನ್ನೂ ಚುರುಕಾಗುತ್ತದೆ, ಹೊಸ ಕೆಲಸ ಇನ್ನೂ ಕೆಡುತ್ತದೆ. ಕಿಟಕಿಯಾಚೆ ಹತ್ತು ಜನ ರೈತರು ನಿಂತಾಗ ನೀವು ಕಿರ್ದಿಯನ್ನು ಎಂದಿಗಿಂತ ವೇಗವಾಗಿ ಬರೆದಿರುತ್ತೀರಿ. ಅದೇ ಹತ್ತು ಜನರ ಮುಂದೆ ಪರದೆಯ ಮೇಲಿನ ಬಾಣದ ಗುರುತು ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಮಗನ ವಯಸ್ಸಿನವನು ಹೆಗಲ ಹಿಂದೆ ನಿಂತಿದ್ದರಂತೂ ಕೇಳುವುದೇ ಬೇಡ. ವಯಸ್ಸಿನಿಂದ ಹೊಸದನ್ನು ಹಿಡಿಯುವ ವೇಗ ಒಂದಿಷ್ಟು ತಗ್ಗುವುದು ನಿಜ, ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಅನುಭವದಿಂದ ಬಂದ ತಿಳಿವಳಿಕೆ ಈ ವಯಸ್ಸಿನಲ್ಲಿ ತಗ್ಗುವುದಿಲ್ಲ, ಮತ್ತು ನಿಮಗೆ ಬೇಕಾದ ಕಲಿಕೆ ಹತ್ತು ಹನ್ನೆರಡು ಬಗೆಯ ನಮೂದುಗಳಷ್ಟೇ. ಆದ್ದರಿಂದ ಜನರಿಲ್ಲದ ಹೊತ್ತಿನಲ್ಲಿ ಕಲಿಯಬೇಕು. ನಗದು ಮುಗಿದು ಕಿಟಕಿ ಮುಚ್ಚಿದ ಮೇಲಿನ ಒಂದು ಗಂಟೆ ಅದಕ್ಕೆ ಸಾಕು.

ಎರಡು ದಿನದ ತರಬೇತಿಯಲ್ಲಿ ಏನೂ ಹತ್ತಲಿಲ್ಲ ಎಂದಿರಿ. ವಿಜಯಪುರದಲ್ಲಿ ನಾನೂ ಸಹಕಾರಿ ನೌಕರರಿಗೆ ಹಲವು ವರ್ಷ ತರಗತಿ ತೆಗೆದುಕೊಂಡವನು. ಮೂವತ್ತು ಜನ, ಎಂಟು ಕಂಪ್ಯೂಟರ್, ಗೋಡೆಯ ಮೇಲೆ ಚಿತ್ರ, ಸರಸರನೆ ಒತ್ತುತ್ತಾ ಹೋಗುವ ತರಬೇತುದಾರ, ಕೊನೆಗೆ ‘ತಿಳಿಯಿತಲ್ಲ?’ ಎಂದರೆ ಎಲ್ಲರ ತಲೆಯೂ ಅಲ್ಲಾಡುತ್ತದೆ. ಅಲ್ಲಿ ಯಾರಿಗೂ ಏನೂ ಉಳಿಯುವುದಿಲ್ಲ. ಕೇಳಿದ್ದನ್ನು ಮತ್ತೆ ಬಳಸದಿದ್ದರೆ ಒಂದೆರಡು ದಿನಗಳಲ್ಲೇ ಬಹುಪಾಲು ಮರೆತುಹೋಗುತ್ತದೆ ಎಂಬುದನ್ನು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದ. ಅದು ನಿಮ್ಮ ದಡ್ಡತನವಲ್ಲ, ತರಬೇತಿಯ ದೋಷ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಹೆಚ್ಚಿನವರು ಮೊದಲು ನಮೂದಿಸಲು ಕಲಿಸುತ್ತಾರೆ. ನಿಮ್ಮಂಥವರಿಗೆ ನಾನು ಮೊದಲು ಓದಲು ಹೇಳುತ್ತೇನೆ. ಸಾಫ್ಟ್‌ವೇರ್‌ನಲ್ಲಿ ದಿನದ ವರದಿ ತೆರೆಯುವುದೊಂದನ್ನೇ ಕಲಿಯಿರಿ. ಅದರಲ್ಲಿ ಏನೂ ಕೆಡುವುದಿಲ್ಲ, ಏಕೆಂದರೆ ನೀವು ಏನನ್ನೂ ಬರೆಯುತ್ತಿಲ್ಲ, ನೋಡುತ್ತಿದ್ದೀರಿ ಅಷ್ಟೆ. ಪಕ್ಕದಲ್ಲಿ ನಿಮ್ಮ ಕಿರ್ದಿ ಇಟ್ಟುಕೊಳ್ಳಿ. ಕಳೆದ ಏಪ್ರಿಲ್ 1ರಿಂದ ಒಂದೊಂದೇ ದಿನ ತೆರೆದು ಕಿರ್ದಿಯೊಂದಿಗೆ ತಾಳೆ ನೋಡುತ್ತಾ ಕೆಂಪು ಪೆನ್ಸಿಲ್‌ನಿಂದ ಗುರುತು ಹಾಕುತ್ತಾ ಬನ್ನಿ. ಸುಸ್ತಾಗಿ ಬರೆದ ಆ ಸಂಜೆಯ ಕಿರ್ದಿ ವ್ಯರ್ಥವಾಗಲಿಲ್ಲ, ನೋಡಿ. ನಿಮ್ಮ ಲಾಗಿನ್‌ನಲ್ಲಿ ಏನು ನಡೆದಿದೆ ಎಂಬುದಕ್ಕೆ ಈಗ ಅದೊಂದೇ ಸ್ವತಂತ್ರ ಸಾಕ್ಷಿ. ತಾಳೆಯಾಗದ ದಿನಗಳನ್ನು ಬೇರೆ ಹಾಳೆಯಲ್ಲಿ ಬರೆದಿಡಿ. ಎರಡು ವಾರದಲ್ಲಿ ಪರದೆಯ ಮೇಲೆ ಯಾವುದು ಎಲ್ಲಿದೆ ಎಂಬುದು ಕಣ್ಣಿಗೆ ರೂಢಿಯಾಗುತ್ತದೆ, ಜೊತೆಗೆ ಮೂರು ಗಂಟೆಯ ಎಚ್ಚರಕ್ಕೂ ಒಂದಿಷ್ಟು ಮದ್ದಾಗುತ್ತದೆ.

ಆಮೇಲೆ ನಮೂದು. ಒಂದು ಸಲಕ್ಕೆ ಒಂದೇ ಬಗೆ. ಉಳಿತಾಯ ಖಾತೆಯ ಜಮಾ ಸುಲಭ, ಅದರಿಂದ ಆರಂಭಿಸಿ. ಹುಡುಗ ಪಕ್ಕದಲ್ಲಿ ಕುಳಿತಿರಲಿ, ಆದರೆ ಅವನು ಬಾಯಿಂದ ಹೇಳಬೇಕು, ಕೈಯಿಂದ ತೋರಿಸಬಾರದು. ಇದೊಂದು ಕರಾರನ್ನು ಬಿಟ್ಟುಕೊಡಬೇಡಿ. ಹೆಜ್ಜೆಗಳನ್ನು ನಿಮ್ಮದೇ ನೋಟ್‌ಬುಕ್ಕಿನಲ್ಲಿ, ನಿಮ್ಮದೇ ಮಾತಿನಲ್ಲಿ ಬರೆಯಿರಿ. ಗುಂಡಿಯ ಮೇಲೆ ಇಂಗ್ಲಿಷ್‌ನಲ್ಲಿರುವುದನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ. ‘ಸಬ್ಮಿಟ್ ಒತ್ತುವ ಮೊದಲು ಖಾತೆ ಸಂಖ್ಯೆ ಮತ್ತು ತಂದೆಯ ಹೆಸರು ಎರಡೂ ನೋಡು’ ಎಂಬಂಥ ಸಾಲು ಯಾವ ಕೈಪಿಡಿಯಲ್ಲೂ ಸಿಗುವುದಿಲ್ಲ, ನಿಮ್ಮ ನೋಟ್‌ಬುಕ್ಕಿನಲ್ಲಿ ಇರಬೇಕು. ಮರುದಿನ ಪುಸ್ತಕ ಮುಚ್ಚಿ ಅದೇ ಕೆಲಸ ಮಾಡಲು ಪ್ರಯತ್ನಿಸಿ, ಸಿಕ್ಕಿಬಿದ್ದಲ್ಲಿ ಮಾತ್ರ ತೆರೆಯಿರಿ. ಮೂರು ದಿನ ಬಿಟ್ಟು ಮತ್ತೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ನೆನಪು ಗಟ್ಟಿಯಾಗುವುದು ಹೀಗೆ ಬಿಟ್ಟುಬಿಟ್ಟು ಮಾಡಿದಾಗ. ಅದು ಕೈಗೆ ಬಂದ ಮೇಲೆಯೇ ಸಾಲದ ಕಂತು, ಆಮೇಲೆ ಠೇವಣಿ.

ಕೀಲಿಮಣೆಯ ಅಕ್ಷರಗಳ ಬಗ್ಗೆ ಭಯವಿದ್ದರೆ ಸದ್ಯಕ್ಕೆ ಅವುಗಳನ್ನು ಬಿಡಿ. ನಿಮ್ಮ ಕೆಲಸದ ಬಹುಪಾಲು ಅಂಕಿಗಳದ್ದು, ಅವೆಲ್ಲ ಬಲಗಡೆ ಒಂದೇ ಕಡೆ ಇವೆ. ಅಲ್ಲಿನ 5ರ ಮೇಲೆ ಬೆರಳಿಗೆ ತಾಕುವ ಸಣ್ಣ ಉಬ್ಬು ಇರುತ್ತದೆ. ನಡುಬೆರಳನ್ನು ಅಲ್ಲಿಟ್ಟು ಮೇಲೆ ಕೆಳಗೆ ಆಡಿಸಿ. ದಿನಕ್ಕೆ ಹತ್ತು ನಿಮಿಷ ಹಳೆಯ ಕಿರ್ದಿಯ ಒಂದು ಪುಟದ ಅಂಕಿಗಳನ್ನು ಕೀಲಿ ನೋಡದೆ ಒತ್ತಿ ಅಭ್ಯಾಸ ಮಾಡಿ. ನಾನು ಕಂಡಂತೆ, ಅಂಕಿ ಬರೆದು ಪಳಗಿದ ಗುಮಾಸ್ತರಿಗೆ ಇದು ಬೇಗ ಕೂರುತ್ತದೆ.

ಕನ್ನಡಕದ ವಿಷಯವನ್ನೂ ಕೇಳಬೇಕು. ಪುಸ್ತಕ ಓದಲು ಕೊಟ್ಟ ಕನ್ನಡಕ ಒಂದಡಿಗಿಂತ ತುಸು ದೂರಕ್ಕೆ ಸರಿಹೊಂದಿಸಿದ್ದು, ಪರದೆ ಇರುವುದು ಎರಡಡಿಯ ಆಸುಪಾಸಿನಲ್ಲಿ. ಎರಡು ಭಾಗದ ಗಾಜಿದ್ದರೆ ಕೆಳಗಿನ ಭಾಗದಿಂದ ಪರದೆ ನೋಡಲು ಗದ್ದ ಎತ್ತಬೇಕಾಗುತ್ತದೆ. ಅರ್ಧ ಗಂಟೆಯಲ್ಲಿ ಕತ್ತು ಹಿಡಿಯುತ್ತದೆ, ಅಕ್ಷರ ಮಸುಕಾಗುತ್ತದೆ, ತಲೆ ಓಡುತ್ತಿಲ್ಲ ಎಂದು ನಾವು ತಿಳಿಯುತ್ತೇವೆ. ಕೂರುವ ಜಾಗದಿಂದ ಪರದೆಗಿರುವ ದೂರವನ್ನು ಅಳೆದುಕೊಂಡು ಕಣ್ಣಿನ ವೈದ್ಯರಿಗೆ ಹೇಳಿ. ಎಷ್ಟೋ ಜನರ ‘ಕಂಪ್ಯೂಟರ್ ಭಯ’ ಅರ್ಧದಷ್ಟು ಇಲ್ಲೇ ಕಳೆದದ್ದನ್ನು ನೋಡಿದ್ದೇನೆ.

ಒತ್ತಿದರೆ ಎಲ್ಲ ಅಳಿಸಿಹೋಗುತ್ತದೆ ಎಂಬ ಭಯವೂ ನಿಮಗೆ ಇದ್ದೇ ಇರುತ್ತದೆ. ಉಳಿಸಿದ ಲೆಕ್ಕದ ನಮೂದನ್ನು ಅಳಿಸುವುದು ಈ ಸಾಫ್ಟ್‌ವೇರ್‌ಗಳಲ್ಲಿ ಅಷ್ಟು ಸುಲಭವಲ್ಲ, ಅದಕ್ಕೆ ಬೇಕೆಂದೇ ಅಡ್ಡಿಗಳನ್ನು ಇಟ್ಟಿರುತ್ತಾರೆ. ತಪ್ಪಾದರೆ ಎದುರು ನಮೂದು ಹಾಕಿ ಸರಿಪಡಿಸುತ್ತಾರೆ. ಕಿರ್ದಿಯಲ್ಲಿ ತಪ್ಪು ಜಮಾಕ್ಕೆ ನಾವೆ (ಡೆಬಿಟ್) ಹಾಕಿ, ಸರಿಯಾದ ಖಾತೆಗೆ ಜಮಾ ಮಾಡಿ, ಷರಾ ಬರೆದು ಸಹಿ ಮಾಡುತ್ತಿದ್ದಿರಲ್ಲ, ಅದೇ ಕೆಲಸ. ಮಲ್ಲಪ್ಪನ ಕಂತನ್ನು ಸರಿಪಡಿಸಲು ‘ಬರಲಿಲ್ಲ’ ಎಂದಿರಿ. ಅದರ ಲೆಕ್ಕ ನಿಮಗೆ ಬರುತ್ತದೆ, ಗುಂಡಿ ಎಲ್ಲಿದೆ ಎಂಬುದಷ್ಟೇ ಗೊತ್ತಿಲ್ಲ. ಹುಡುಗನಿಗೆ ಗುಂಡಿ ಗೊತ್ತು, ನಾವೆ ಎಲ್ಲಿಗೆ, ಜಮಾ ಎಲ್ಲಿಗೆ ಎಂಬುದು ಬಹುಶಃ ಗೊತ್ತಿಲ್ಲ. ಇಬ್ಬರೂ ಎದುರುಬದುರು ಕುಳಿತು ಆ ಒಂದು ನಮೂದನ್ನು ಸರಿಪಡಿಸಿ. ಅವನಿಗೂ ಕಿರ್ದಿ ಓದುವುದನ್ನು ಕಲಿಸಿ. ಕಲಿಸುವವರಿಗೆ ಕಲಿಯುವಾಗ ನಾಚಿಕೆ ಕಡಿಮೆ.

ಇಷ್ಟೆಲ್ಲ ಹೇಳಿದ ಮೇಲೆ ಸಂಘದ ಹೊಣೆಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರ್‌ಗೆ ತರಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಷ್ಟೂ ಸಂಘಗಳಲ್ಲಿ ನಿಮ್ಮಂತೆ ಲೆಕ್ಕ ಬರೆದವರು ಇದ್ದಾರೆ, ಎಷ್ಟೋ ಜನ ನಿಮ್ಮಂತೆಯೇ ರಾತ್ರಿ ಎದ್ದು ಕೂರುತ್ತಿರಬಹುದು. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಕುಳಿತಾಗ ಸಾಲುಸಾಲು ಆ್ಯಪ್‌ಗಳ ಹೊರೆ ಅವರ ಮುಖ್ಯ ದೂರುಗಳಲ್ಲಿ ಒಂದಾಗಿತ್ತು. ಅವರಲ್ಲಿ ಬಹಳ ಮಂದಿ ನಿಮಗಿಂತ ಎಷ್ಟೋ ಚಿಕ್ಕವರು, ಮೊಬೈಲ್ ಹಿಡಿದೇ ಬೆಳೆದವರು. ಹೊಸ ಯಂತ್ರ ಕೊಟ್ಟು, ಕಲಿಯಲು ಸಮಯ ಕೊಡದೆ, ಹಳೆಯ ಕೆಲಸವನ್ನೂ ಇಳಿಸದಿದ್ದರೆ ಯಾರಾದರೂ ಕುಸಿಯುತ್ತಾರೆ. ಅದು ವಯಸ್ಸಿನ ಮಾತಲ್ಲ.

ಸೆಕ್ರೆಟರಿಯವರ ಬಳಿ ಎರಡೇ ವಿಷಯ ಕೇಳಿ. ಕಿಟಕಿ ಮುಚ್ಚಿದ ಮೇಲೆ ದಿನಕ್ಕೊಂದು ಗಂಟೆ ಕಲಿಕೆಗೆ, ಕೆಲಸದ ವೇಳೆಯಲ್ಲೇ. ಎರಡು ಕಡೆ ಲೆಕ್ಕ ಬರೆಯುವುದಕ್ಕೆ ಒಂದು ಕೊನೆಯ ದಿನಾಂಕ. ಹೊಸ ಪದ್ಧತಿ ಕೂರುವ ತನಕ ಎರಡೂ ಇರಲಿ, ತಪ್ಪಿಲ್ಲ. ಆಮೇಲೆ ದಿನದ ವರದಿಯ ಪ್ರಿಂಟ್‌ಗೆ ಸಹಿ ಹಾಕಿ ಕಡತದಲ್ಲಿಟ್ಟರೆ ಸಾಕೇ ಎಂದು ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರ) ಬ್ಯಾಂಕಿನವರನ್ನೂ ಲೆಕ್ಕಪರಿಶೋಧಕರನ್ನೂ ಕೇಳಿ ತಿಳಿಸಲು ಹೇಳಿ. ‘ನನಗೆ ಕಂಪ್ಯೂಟರ್ ಬರುವುದಿಲ್ಲ’ ಎಂದು ಮಾತು ಆರಂಭಿಸಬೇಡಿ. ತಪ್ಪು ಖಾತೆಗೆ ಹೋದ ಕಂತಿನ ಪ್ರಿಂಟ್ ಮುಂದಿಟ್ಟು, ‘ಇಂಥದ್ದನ್ನು ಹಿಡಿಯಬೇಕಾದರೆ ನನಗೆ ಇಷ್ಟು ಸಮಯ ಬೇಕು’ ಎನ್ನಿ. ಆಡಳಿತ ಮಂಡಳಿಯವರಿಗೂ ಈ ಭಾಷೆ ಅರ್ಥವಾಗುತ್ತದೆ.

ರಾಜೀನಾಮೆಯ ನಿರ್ಧಾರವನ್ನು ನಿದ್ದೆಗೆಟ್ಟ ತಲೆಯಿಂದ ಮಾಡಬೇಡಿ. ಮುಂಗಾರಿನ ಗೊಬ್ಬರದ ಗದ್ದಲ ಮುಗಿದಿದೆ, ಮಾರ್ಚ್ ಇನ್ನೂ ದೂರವಿದೆ. ಕಲಿಯಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ನಾಲ್ಕು ತಿಂಗಳು ಹೀಗೆ ಮಾಡಿ ನೋಡಿ. ಆಗಲೂ ಬಿಡಬೇಕೆನಿಸಿದರೆ ಹೆಂಡತಿ, ಮಗಳೊಂದಿಗೆ ಕುಳಿತು, ಲೆಕ್ಕ ಹಾಕಿ ಬಿಡಿ. ಅದು ಬೇರೆಯೇ ಮಾತು. ಈಗ ಬಿಟ್ಟರೆ ನೀವು ಹೊಲದಲ್ಲಿ ನಿಂತಾಗಲೂ ಆ ಚೀಟಿ ನೆನಪಾಗುತ್ತಿರುತ್ತದೆ.

ನಿದ್ದೆ ಇನ್ನೂ ಎರಡು ವಾರ ಹೀಗೆಯೇ ಇದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಬದುಕಿಯಾದರೂ ಏನು ಎಂಬ ಯೋಚನೆ ಒಮ್ಮೆಯಾದರೂ ಬಂದರೆ, 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಅಂಥ ಯೋಚನೆ ಬಂದ ದಿನ ಎರಡು ವಾರ ಕಾಯುವ ಮಾತೇ ಇಲ್ಲ, ಆಗಲೇ ಮಾಡಿ. ಮನೆಯವರಿಗೂ ಇಷ್ಟು ದಿನ ಏನನ್ನೂ ಹೇಳಿಲ್ಲವೆಂದು ನನ್ನ ಊಹೆ. ಇವತ್ತು ರಾತ್ರಿ ಊಟದ ಮುಂದೆ ಹೇಳಿ.

ಮೊದಲು ವೈದ್ಯರು, ನಾಳೆ ಪಾಸ್‌ವರ್ಡ್, ಆಮೇಲೆ ಏಪ್ರಿಲ್ 1ರ ಪುಟ. ಯುಗಾದಿಯ ಹೊತ್ತಿಗೆ ನನಗೆ ಮತ್ತೊಂದು ಪತ್ರ ಬರೆಯಿರಿ. ಮಲ್ಲಪ್ಪನ ಕಂತು ಸರಿಯಾದ ಮಲ್ಲಪ್ಪನ ಖಾತೆಗೆ ಸೇರಿತೇ, ಆ ನಮೂದನ್ನು ಯಾರ ಕೈ ಮಾಡಿತು ಎಂಬುದನ್ನು ಅದರಲ್ಲಿ ತಪ್ಪದೆ ತಿಳಿಸಿ.